ಗುಡ್ಡದಾಚೆ ಸಿಗ್ನಲ್ ಸಿಗುತ್ತಾ? ಆರು ವರ್ಷ ‘ರೇಡಿಯೋ ಮೊಬೈಲ್’ ಬಳಸಿದ ಮೇಲೆ

ನಮ್ಮ ಮನೆ ತರೀಕೆರೆಯಲ್ಲಿ, ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೊಬ್ಬರ ಮನೆ ಚಿಕ್ಕಮಗಳೂರಿನಲ್ಲಿ. ನೇರ ಗೆರೆ ಎಳೆದರೆ ಸುಮಾರು 43 ಕಿಲೋಮೀಟರ್. ನಡುವೆ ಬಾಬಾಬುಡನ್‌ಗಿರಿ ಸಾಲು ಅಡ್ಡ ಕೂತಿದೆ. 145 ಮೆಗಾಹರ್ಟ್ಸ್‌ನಲ್ಲಿ ಮಾತಾಡಲು ಆಗುತ್ತಾ ಅಂತ ನೋಡಲು, ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಲೆಕ್ಕ ಹಾಕುವ ಈ ‘ರೇಡಿಯೋ ಮೊಬೈಲ್’ ಸಾಫ್ಟ್‌ವೇರ್ ಅನ್ನು ಕಂಪ್ಯೂಟರ್‌ಗೆ ಹಾಕಿಕೊಂಡೆ. ರೋಜರ್ ಕೂಡೆ (Roger Coudé) ಎಂಬ ಕೆನಡಾದ ಹ್ಯಾಮ್ ಬರೆದದ್ದು. ಹ್ಯಾಮ್‌ಗಳಿಗೆ ಪುಕ್ಕಟೆ. ನೋಡಲು ಹಳೇ ಕಾಲದ್ದು, ಕಲಿಯಲು ನನಗೆ ಒಂದು ವಾರ ಬೇಕಾಯಿತು.

ಎರಡು ಜಾಗ ಗುರುತಿಸಿದರೆ ನಡುವಿನ ನೆಲವನ್ನು ಉದ್ದಕ್ಕೆ ಸೀಳಿದ ಹಾಗೆ ತೋರಿಸುತ್ತದೆ. ನಷ್ಟವನ್ನು ಬಿಡಿಬಿಡಿಯಾಗಿ ಬರೆಯುತ್ತದೆ: ಬರೀ ದೂರಕ್ಕೆ ಎಷ್ಟು, ಅಡ್ಡ ಬಂದ ಗುಡ್ಡಕ್ಕೆ ಎಷ್ಟು, ಕಾಡಿಗೆ ಎಷ್ಟು. ನಮ್ಮ ದಾರಿಯಲ್ಲಿ ದೂರಕ್ಕೇ 108 ಡೆಸಿಬೆಲ್. ಗುಡ್ಡದ ಚೂಪು ತುದಿ ಗೆರೆಗೆ ಸುಮ್ನೆ ತಾಗಿದರೂ ಇನ್ನೊಂದು 6 ಡೆಸಿಬೆಲ್, ಅಂದರೆ ಬರಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲು ಹೋಯಿತು. ಕಣ್ಣಿಗೆ ಕಂಡರೆ ಸಾಲದು, ಗೆರೆಯ ಸುತ್ತಲೂ ಜಾಗ ಬೇಕು. ಆ ಜಾಗಕ್ಕೆ ಫ್ರೆನೆಲ್ ವಲಯ ಅಂತಾರೆ. ಇಷ್ಟು ದೂರಕ್ಕೆ ನಟ್ಟನಡುವೆ ಅದರ ತ್ರಿಜ್ಯವೇ ಸುಮಾರು 150 ಮೀಟರ್!

ನನಗೆ ಇದರ ಮೇಲೆ ನಂಬಿಕೆ ಬಂದದ್ದು ಲಿಂಗದಹಳ್ಳಿಯಿಂದ. ಅಲ್ಲಿ ಭಾವನ ಮನೆ ಇದೆ. ಚಿಕ್ಕಮಗಳೂರಿಗೆ ನಮಗಿಂತ ಹತ್ತಿರ, ಹಾಗಾಗಿ ಸಿಗ್ನಲ್ ಚೆನ್ನಾಗಿರಬೇಕು ಅಂದುಕೊಂಡಿದ್ದೆ. ಸಾಫ್ಟ್‌ವೇರ್ ಉಲ್ಟಾ ಹೇಳಿತು: ಲಿಂಗದಹಳ್ಳಿ ಕೆಂಪು, ತರೀಕೆರೆ ಹಳದಿ. ಹೋಗಿ ನೋಡಿದರೆ ಹಾಗೇ ಇತ್ತು. ಭಾವನ ತಾರಸಿಯಲ್ಲಿ ಬರೀ ಗೊರಗೊರ. ಮನೆಗೆ ಬಂದು ಹಚ್ಚಿದರೆ ಗೆಳೆಯರ ದನಿ ಸಣ್ಣಗೆ ಕೇಳಿತು. ಗುಡ್ಡದ ಬುಡದಲ್ಲಿ ನಿಂತರೆ ಅಲೆ ತುದಿ ದಾಟಿ ತೀರಾ ಕಡಿದಾಗಿ ಬಗ್ಗಬೇಕು, ಅಷ್ಟು ಬಗ್ಗಲ್ಲ. ಹಿಂದೆ ಸರಿದಷ್ಟೂ ಬಗ್ಗಬೇಕಾದ್ದು ಕಡಿಮೆ. ಆಂಟೆನಾ ಕೋಲು ಎತ್ತರಿಸಲು ದುಡ್ಡು ಹಾಕುವ ಮುಂಚೆ ಇದು ಗೊತ್ತಾಗಿದ್ದು ಒಳ್ಳೇದಾಯಿತು.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ನೆಲದ ಎತ್ತರದ ಡೇಟಾ 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದದ್ದು. 90 ಮೀಟರ್ ಚೌಕಕ್ಕೆ ಒಂದೇ ಎತ್ತರ ಕೊಡುವ ಡೇಟಾ ಹಾಕಿದರೆ ಚೂಪಾದ ಏಣು ಮೊಂಡಾಗಿಬಿಡುತ್ತದೆ. 30 ಮೀಟರ್‌ನದ್ದೇ ಹಾಕಿ. ಆಮೇಲೆ ಮರ. ಆ ರಾಡಾರ್ ದಟ್ಟ ಕಾಡಿನಲ್ಲಿ ನೆಲದ ತನಕ ಇಳಿಯಲಿಲ್ಲ, ಮರಗಳ ಹಂದರವನ್ನೇ ನೆಲ ಅಂತ ಬರೆದುಕೊಂಡಿತು. ಹಾಗಾಗಿ ತೋಟದಲ್ಲಿ ಸೆಟ್ ಹಿಡಿದು ನಿಂತ ನನ್ನನ್ನು ಲೆಕ್ಕದಲ್ಲಿ ಮರದ ಮೇಲೆ ನಿಲ್ಲಿಸಿದಂತಾಗುತ್ತದೆ!

ಹೋದ ಮಳೆಗಾಲದಲ್ಲಿ ಹಾಗೇ ಆಯಿತು. ನಕ್ಷೆಯಲ್ಲಿ ಹಸಿರು, ಒದ್ದೆ ಅಡಿಕೆ ತೋಟದೊಳಗೆ ಒಂದು ಮಾತೂ ಇಲ್ಲ. ಬೇಲಿ ದಾಟಿ ಗದ್ದೆ ಬದುವಿಗೆ ಬಂದ ತಕ್ಷಣ ಗೆಳೆಯರು ನನ್ನ ಕಾಲ್ ಸೈನ್ (ರೇಡಿಯೋದಲ್ಲಿ ಕರೆಯುವ ಗುರುತು) ಕೂಗುತ್ತಿರುವುದು ಕೇಳಿತು. ತೋಟದ ಒಳಗಾದರೆ ನಾನೀಗ 10 ಡೆಸಿಬೆಲ್ ಕಳೆದೇ ಲೆಕ್ಕ ನೋಡುವುದು.