ಅಕ್ರಾದಲ್ಲಿ ಬಾಡಿಗೆ ಕಾರು: ಸ್ಟಿಯರಿಂಗ್ ಯಾರ ಕೈಯಲ್ಲಿರಬೇಕು?

ಘಾನಾದ ರಾಜಧಾನಿ ಅಕ್ರಾದಲ್ಲಿ ಹನ್ನೆರಡು ದಿನ ಉಳಿಯಬೇಕಾಗಿ ಬಂದಾಗ ಓಡಾಟಕ್ಕೆ ಮೂರು ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ. ಮೊದಲ ನಾಲ್ಕು ದಿನ ನಾನೇ ಓಡಿಸುವ ಬಾಡಿಗೆ ಕಾರು, ಆಮೇಲೆ ಮೂರು ದಿನ ಚಾಲಕರ ಸಮೇತ ಕಾರು, ಉಳಿದ ದಿನಗಳಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಕರೆಸಿಕೊಳ್ಳುವ ಟ್ಯಾಕ್ಸಿ. ನನ್ನ ವಾಸ ಓಸು ಬಡಾವಣೆಯಲ್ಲಿತ್ತು, ಕೆಲಸ ಕೊಟೋಕಾ ವಿಮಾನ ನಿಲ್ದಾಣದ ಸಮೀಪದಲ್ಲಿತ್ತು, ಬಿಡುವಿನ ದಿನಗಳಲ್ಲಿ ಅಬುರಿ ಬೆಟ್ಟಕ್ಕೂ ಕರಾವಳಿಯ ಕೇಪ್ ಕೋಸ್ಟ್ ಪಟ್ಟಣಕ್ಕೂ ಹೋಗಿ ಬಂದೆ. ಅಲ್ಲಿನ ನಾಣ್ಯವಾದ ಸೆಡಿಯ ಮೌಲ್ಯ ಬಹಳ ಏರಿಳಿಯುವುದರಿಂದ ನಾನು ಕೊಟ್ಟ ಮೊತ್ತವನ್ನು ಇಲ್ಲಿ ಬರೆದರೆ ಮುಂದೆ ಹೋಗುವವರಿಗೆ ಪ್ರಯೋಜನವಾಗದು. ಆದ್ದರಿಂದ ಸೆಲ್ಫ್ ಡ್ರೈವ್ ಕಾರಿನ ಒಂದು ದಿನದ ಬಾಡಿಗೆಯನ್ನು ನೂರು ಎಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೋಲಿಸಿ ಹೇಳುತ್ತೇನೆ.

ನಮ್ಮ ಆರ್‌ಟಿಒ ಕೊಡುವ, ಒಂದು ವರ್ಷ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಿದ್ದೆ. ಕಾಗದಪತ್ರದ ಮಟ್ಟಿಗೆ ತೊಂದರೆಯೇನೂ ಆಗಲಿಲ್ಲ. ಕಷ್ಟವಾದದ್ದು ಕೈಗಳಿಗೆ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಘಾನಾದಲ್ಲೂ ಮೊದಲು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಓಡುತ್ತಿದ್ದವು. ಸುತ್ತಲಿನ ಫ್ರೆಂಚ್ ಭಾಷಿಕ ದೇಶಗಳೆಲ್ಲ ಬಲಬದಿಯ ಕ್ರಮದಲ್ಲಿದ್ದ ಕಾರಣ 1974ರ ಆಗಸ್ಟ್ 4ರಂದು ಇಡೀ ದೇಶವೇ ಬಲಕ್ಕೆ ಬದಲಾಯಿತು. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಚಲಿಸುವುದು ಎರಡು ದಿನದಲ್ಲಿ ನಿಂತಿತು. ಆದರೆ ಎಡಕ್ಕೆ ತಿರುಗುವಾಗ ಎದುರಿನ ಸಾಲನ್ನು ದಾಟಬೇಕೆಂಬುದು ದಣಿದ ಸಂಜೆಗಳಲ್ಲಿ ಮನಸ್ಸಿನಿಂದ ಜಾರಿಹೋಗುತ್ತಿತ್ತು, ಅದೇ ನಿಜವಾದ ಅಪಾಯ. ಇನ್ನೊಂದು ಸೂಕ್ಷ್ಮವೂ ಇದೆ. ಎಡಗೈಯಿಂದ ಕೊಡುವುದು, ತೆಗೆದುಕೊಳ್ಳುವುದು ನಮ್ಮಲ್ಲಿರುವಂತೆ ಘಾನಾದಲ್ಲೂ ಅಮರ್ಯಾದೆ. ಆದರೆ ಎಡಗಿಟಕಿಯ ಪಕ್ಕ ಕುಳಿತವನಿಗೆ ಹತ್ತಿರವಿರುವುದು ಎಡಗೈಯೇ. ನೀರಿನ ಪೊಟ್ಟಣ ಮಾರುವ ಹುಡುಗಿಗಾಗಲಿ, ಪೊಲೀಸರಿಗಾಗಲಿ ಮೈ ತಿರುಗಿಸಿ ಬಲಗೈ ಚಾಚಿಯೇ ಕೊಡಬೇಕೆಂಬ ಸಂಸ್ಕಾರ ನಮಗೆ ಕಲಿಸದೆಯೇ ಬಂದಿರುವುದು ಒಂದು ಅನುಕೂಲ.

ನಗರದೊಳಗೆ ಕಾರು ಓಡಿಸುವುದರಲ್ಲಿ ನನಗೆ ಸುಖ ಕಾಣಲಿಲ್ಲ. ಕ್ವಾಮೆ ಎನ್‌ಕ್ರುಮಾ ಸರ್ಕಲ್‌ನಲ್ಲೂ ಕನೇಶಿ ಮಾರುಕಟ್ಟೆಯ ಮುಂದೆಯೂ ತ್ರೋತ್ರೋ ಎಂದು ಕರೆಯುವ ವ್ಯಾನುಗಳು ಪ್ರಯಾಣಿಕರು ಕೈಯೆತ್ತಿದಲ್ಲಿ ನಿಲ್ಲುತ್ತವೆ. ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವ 'ಮೇಟ್', ಎಂದರೆ ನಮ್ಮ ಖಾಸಗಿ ಬಸ್ಸಿನ ಕ್ಲೀನರ್‌ನಂಥವನು, ಕೈಬೀಸಿದ ಕ್ಷಣದಲ್ಲೇ ಅವು ಮತ್ತೆ ಹೊರಡುತ್ತವೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿಸಿದವರಿಗೆ ಈ ನುಗ್ಗಾಟ ಹೊಸದಲ್ಲ, ಆದರೆ ಅನೇಕ ರಸ್ತೆಗಳ ಅಂಚಿನಲ್ಲಿ ಮುಚ್ಚಳವಿಲ್ಲದ ಆಳವಾದ ಚರಂಡಿಗಳಿರುವುದನ್ನು ಕತ್ತಲಾಗುವ ಮೊದಲೇ ಗಮನಿಸಿಟ್ಟುಕೊಳ್ಳಬೇಕು. ಪಕ್ಕಕ್ಕೆ ಸರಿದು ದಾರಿ ಕೊಡುವ ನಮ್ಮ ಅಭ್ಯಾಸ ಅಲ್ಲಿ ಚಕ್ರವನ್ನು ಚರಂಡಿಗೆ ಇಳಿಸಬಲ್ಲದು.

ಮೂರನೆಯ ದಿನ ಮಡೀನಾ ದಾರಿಯ ತಪಾಸಣೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಬಹಳ ಸೌಜನ್ಯದಿಂದ ಅಗ್ನಿಶಾಮಕ ಸಿಲಿಂಡರನ್ನೂ ಎಚ್ಚರಿಕೆಯ ತ್ರಿಕೋನವನ್ನೂ ತೋರಿಸಲು ಹೇಳಿದರು. ಅಲ್ಲಿ ಪ್ರತಿ ವಾಹನದಲ್ಲೂ ಇವೆರಡೂ ಕಡ್ಡಾಯ. ತ್ರಿಕೋನವಿತ್ತು, ಸಿಲಿಂಡರಿನ ಅವಧಿ ಮುಗಿದಿತ್ತು. ಗಾಜಿಗೆ ಅಂಟಿಸಿದ್ದ, ವಾಹನ ರಸ್ತೆಗೆ ಯೋಗ್ಯವೆಂದು ದೃಢೀಕರಿಸುವ ಸ್ಟಿಕರಿನ ದಿನಾಂಕವೂ ಮೀರಿತ್ತು. ತಪ್ಪು ಕಾರು ಕೊಟ್ಟವರದೇ ಆದರೂ ರಸ್ತೆಯಲ್ಲಿ ಉತ್ತರಿಸಬೇಕಾದವನು ನಾನು. ಸಂಸ್ಥೆಗೆ ಫೋನ್ ಮಾಡಿ ಅವರ ಕಡೆಯವರು ಬಂದು ಮಾತಾಡಿ ಮುಗಿಸುವವರೆಗೆ ಎರಡೂವರೆ ಗಂಟೆ ಬಿಸಿಲಲ್ಲಿ ಕಳೆಯಿತು. ಮುಂಗಡ ಕೊಡುವಾಗ ಗೀರುಗಳನ್ನು ಫೋಟೋ ತೆಗೆದುಕೊಂಡಿದ್ದ ನಾನು ಆ ಸ್ಟಿಕರನ್ನು ಓದಿರಲಿಲ್ಲವೆಂಬುದು ಈಗಲೂ ಬೇಸರದ ಸಂಗತಿ.

ಆದರೂ ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ ಅಬುರಿಗೆ ಹೋದಾಗ ಅದೇ ಕಾರು ನೂರಕ್ಕೆ ನೂರು ಬೆಲೆ ಬಾಳಿತು. ಅಡೆಂಟಾ ದಾಟಿ ಆಯಿ ಮೆನ್ಸಾದಿಂದ ದಾರಿ ಬೆಟ್ಟವೇರುತ್ತದೆ. ಅಕ್ರಾದ ಬಯಲು ಹಿಂದೆ ಹರಡಿಕೊಳ್ಳುವ ತಿರುವಿನಲ್ಲಿ ಮನಸ್ಸು ಬಂದಷ್ಟು ಹೊತ್ತು ನಿಂತೆ. 1890ರಲ್ಲಿ ಆರಂಭವಾದ ಸಸ್ಯೋದ್ಯಾನದಲ್ಲಿ ಯಾರನ್ನೂ ಕಾಯಿಸುತ್ತಿದ್ದೇನೆಂಬ ಸಂಕೋಚವಿಲ್ಲದೆ ಮಧ್ಯಾಹ್ನದವರೆಗೆ ಇದ್ದೆ. ರಸ್ತೆ ಖಾಲಿಯಿದ್ದು, ದೂರ ಕಡಿಮೆಯಿದ್ದು, ಕತ್ತಲಾಗುವ ಮೊದಲೇ ಮರಳುವಂತಿದ್ದರೆ ಸೆಲ್ಫ್ ಡ್ರೈವ್‌ಗೆ ಸಾಟಿಯಿಲ್ಲ.

ಕೇಪ್ ಕೋಸ್ಟ್ ಮಾತು ಬೇರೆ. ಅಕ್ರಾದಿಂದ ಸುಮಾರು 145 ಕಿಲೋಮೀಟರ್. ನಕ್ಷೆ ಅದನ್ನು ಮೂರು ಗಂಟೆಯೊಳಗಿನ ದಾರಿಯೆಂದು ತೋರಿಸಿದರೂ ಕಾಸೋವಾ ದಾಟುವುದರಲ್ಲೇ ನಮಗೆ ಒಂದೂಕಾಲು ಗಂಟೆ ಹಿಡಿಯಿತು. ಈ ಪ್ರಯಾಣಕ್ಕೆ ಚಾಲಕರ ಸಮೇತ ಕಾರು ಗೊತ್ತುಮಾಡಿದ್ದೆ. ಅಕ್ರಾದೊಳಗಾದರೆ ದಿನಕ್ಕೆ ನೂರಮೂವತ್ತು, ನಗರದ ಗಡಿ ದಾಟಿದರೆ ನೂರೆಂಬತ್ತು, ಪೆಟ್ರೋಲ್ ನಮ್ಮದು, ಚಾಲಕರ ಊಟ ಮತ್ತು ರಾತ್ರಿಯ ತಂಗುವಿಕೆಗೆ ಬೇರೆ ಹಣ. ನಮ್ಮೂರಿನ ಟ್ಯಾಕ್ಸಿಯವರ 'ಬಾಟಾ'ದಂಥದ್ದೇ ಆದರೂ ಇಲ್ಲಿ ಅದನ್ನು ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳುವುದು ಒಳ್ಳೆಯದು. ಸಾಲ್ಟ್‌ಪಾಂಡ್ ಕಡೆಯವರಾದ ಆ ಹಿರಿಯ ಚಾಲಕರು ಹೊರಡುವ ಹಿಂದಿನ ಸಂಜೆಯೇ, ಹದಿನೈದನೆಯ ತಾರೀಖು, ಟ್ಯಾಂಕ್ ತುಂಬಿಸೋಣವೆಂದರು. ಘಾನಾದಲ್ಲಿ ಇಂಧನದ ದರ ತಿಂಗಳ ಒಂದು ಮತ್ತು ಹದಿನಾರನೆಯ ತಾರೀಖಿಗೆ ಪರಿಷ್ಕರಣೆಯಾಗುತ್ತದೆಂಬುದು ನನಗೆ ಆಗ ತಿಳಿಯಿತು.

ಅವರಿದ್ದುದರ ಬೆಲೆ ದಾರಿಯುದ್ದಕ್ಕೂ ಕಂಡಿತು. ಪ್ರತಿ ಹಳ್ಳಿಯ ಮುಂದಿನ ಉಬ್ಬು ಎಲ್ಲಿದೆಯೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಪೊಲೀಸ್ ಅಡ್ಡಗಟ್ಟೆಗಳಲ್ಲಿ ವೇಗ ತಗ್ಗಿಸಿ, ಕಿಟಕಿಯಿಳಿಸಿ, ಮೊದಲು ನಮಸ್ಕಾರ ಹೇಳಿ ಕಾಗದ ಕೊಡುವ ಅವರ ಕ್ರಮದಿಂದ ಎಲ್ಲಿಯೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಯಾಮೊರಾನ್ಸಾದಲ್ಲಿ ನಿಲ್ಲಿಸಿ, ಹುಳಿಬರಿಸಿದ ಮುಸುಕಿನಜೋಳದ ಹಿಟ್ಟನ್ನು ಬಾಳೆಯ ಒಣಗಿದ ಎಲೆಯಲ್ಲಿ ಸುತ್ತಿ ಬೇಯಿಸಿದ ಫಾಂಟೆ ಕೆಂಕಿಯನ್ನು ಕೊಡಿಸಿ, ಅಕ್ರಾದವರು ಇದನ್ನೇ ಮುಸುಕಿನಜೋಳದ ಸಿಪ್ಪೆಯಲ್ಲಿ ಸುತ್ತುತ್ತಾರೆಂದು ವ್ಯತ್ಯಾಸ ಹೇಳಿದರು. ನಾನೇ ಓಡಿಸಿದ್ದರೆ ಆ ತಿರುವಿನಲ್ಲಿ ಎದುರಿನ ಲಾರಿಯ ಮೇಲೆ ಕಣ್ಣಿಟ್ಟು ಮುಂದೆ ಹೋಗಿಬಿಡುತ್ತಿದ್ದೆ. ಮರಳುವಾಗ ಮಾಂಕೆಸಿಮ್ ಬಳಿ ಕತ್ತಲಾಯಿತು. ದೀಪವಿಲ್ಲದೆ ನಿಂತ ಲಾರಿಯೊಂದನ್ನು ಅವರು ಬಹು ದೂರದಿಂದಲೇ ಗುರುತಿಸಿ ನಿಧಾನಿಸಿದರು, ನನಗದು ಕಂಡದ್ದು ಹತ್ತಿರ ಬಂದ ಮೇಲೆ. ಅನನುಕೂಲವೊಂದೇ: ಕೇಪ್ ಕೋಸ್ಟ್ ಸಮೀಪದ ಎಲ್ಮಿನಾದ ಕೋಟೆಯಲ್ಲಿ ಇನ್ನೊಂದು ಗಂಟೆ ಇರಬೇಕೆನಿಸಿದಾಗ ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದ ಅವರ ನೆನಪು ಕಾಲೆಳೆಯಿತು.

ಆ್ಯಪ್ ಟ್ಯಾಕ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಬರ್, ಬೋಲ್ಟ್, ಯಾಂಗೊ ಮೂರೂ ಅಕ್ರಾದಲ್ಲಿವೆ. ಓಸುವಿನಿಂದ ಕೆಲಸಕ್ಕೆ ಹೋಗಿ ಬಂದು ಸಂಜೆ ಊಟಕ್ಕೆ ಹೊರಹೋದರೂ ದಿನದ ಒಟ್ಟು ಖರ್ಚು ಐವತ್ತೈದನ್ನು ಮೀರಲಿಲ್ಲ. ಪೆಟ್ರೋಲ್, ಪಾರ್ಕಿಂಗ್, ಮುಂಗಡ ಯಾವುದರ ಚಿಂತೆಯೂ ಇಲ್ಲ. ಚಾಲಕರು ಬರುವ ಮೊದಲು ಫೋನ್ ಮಾಡಿ ಎಲ್ಲಿಗೆ, ನಗದೋ ಕಾರ್ಡೋ ಎಂದು ಕೇಳುವುದು ಅಲ್ಲೂ ಇದೆ, ಆದ್ದರಿಂದ ಸ್ಥಳೀಯ ಸಿಮ್ ಮತ್ತು ಚಿಲ್ಲರೆ ನೋಟು ಅಗತ್ಯ. ಮಳೆ ಬಂದ ಒಂದು ಸಂಜೆ ಮಾತ್ರ ದರ ಎರಡರಷ್ಟಾಗಿ, ಆಗಲೂ ಕಾರು ಸಿಗದೆ, ರಸ್ತೆಗಿಳಿದು ಮೂಲೆಗಳಿಗೆ ಹಳದಿ ಬಳಿದ ಮಾಮೂಲಿ ಟ್ಯಾಕ್ಸಿಯನ್ನು 'ಡ್ರಾಪಿಂಗ್' ಎಂದು ಕೇಳಿ, ಎಂದರೆ ಪೂರ್ತಿ ಕಾರು ನನಗೊಬ್ಬನಿಗೇ ಎಂದು ದರ ಮಾತಾಡಿಕೊಂಡು ಮನೆ ಸೇರಿದೆ.

ಮತ್ತೆ ಹೋದರೆ ವಾರದ ದಿನಗಳಿಗೆ ಆ್ಯಪ್ ಟ್ಯಾಕ್ಸಿ, ಕರಾವಳಿಗೆ ಅದೇ ಹಿರಿಯರ ಕಾರು, ಅಬುರಿಗೆ ಒಂದು ಭಾನುವಾರದ ಮಟ್ಟಿಗೆ ಸೆಲ್ಫ್ ಡ್ರೈವ್ ಎಂದು ನಿರ್ಧರಿಸಿದ್ದೇನೆ. ಆ ಭಾನುವಾರದ ಕಾರನ್ನು ಶನಿವಾರ ಬೆಳಕಿರುವಾಗಲೇ ಪಡೆದು, ಗಾಜಿನ ಮೇಲಿನ ಸ್ಟಿಕರ್, ಸಿಲಿಂಡರಿನ ದಿನಾಂಕ, ಸ್ಟೆಪ್ನಿಯ ಗಾಳಿ ಇಷ್ಟನ್ನು ಸಂಸ್ಥೆಯವರ ಎದುರಿಗೇ ನೋಡಿಕೊಂಡು ಆಮೇಲೆ ಕೀಲಿಕೈ ತೆಗೆದುಕೊಳ್ಳುತ್ತೇನೆ.