ಮನಿ ಬಲ್ಬಿನ ಬೆಳಕಿನ್ಯಾಗ 50ಎಂಎಂ ಎಫ್1.8 ಕ್ಯಾಮೆರಾ ಲೆನ್ಸ್: ವರ್ಷಗಟ್ಟಲೆ ಬಳಸಿದ ಮ್ಯಾಲ ಬರಿಲಕತ್ತೀನಿ

ಮದಲೇ ಹೇಳಿಬಿಡ್ತೀನಿ, ಇದು ಮದುವಿ ಫೋಟೋ ತೆಗಿಯೋರಿಗಿ ಬರ್ದದ್ದಲ್ಲ, ಹಕ್ಕಿ ಪಕ್ಷಿ ಹಿಂದ ಓಡಾಡೋರಿಗೂ ಅಲ್ಲ. ಸಂಜಿ ಏಳರ ಮ್ಯಾಲ ಮನ್ಯಾಗ ನಡೀತಾವಲ್ಲ, ಅವ್ವ ರೊಟ್ಟಿ ಬಡಿಯೋದು, ಮಗಳು ಹೋಂವರ್ಕ್ ಬರೀತಾ ಬರೀತಾ ನೋಟ್‌ಬುಕ್ಕಿನ ಮ್ಯಾಲೇ ತಲಿ ಇಟ್ಟು ಮಲಗೋದು, ಕರೆಂಟ್ ಹೋದಾಗ ಎಲ್ರೂ ಕಟ್ಟಿ ಮ್ಯಾಲ ಕುಂತು ಹರಟಿ ಹೊಡಿಯೋದು, ಇಂಥವು ಇಟ್ಕೊಬೇಕು ಅನ್ನೋರಿಗಿ ಅಷ್ಟೇ. ನಾ 2019ರಾಗ ತಗೊಂಡೆ, ಹತ್ತು ಸಾವಿರದ ಒಳಗ ಬಂತು, ಅವತ್ತಿಂದ ಇವತ್ತಿನ ತನಕ ಕ್ಯಾಮೆರಾಕ್ಕ ಇದೇ ಲೆನ್ಸ್ ಹಚ್ಚಿರ್ತದ, ಜೋಡಿ ಬಂದಿದ್ದ 18-55 ಕಿಟ್ ಲೆನ್ಸ್ ಕಪಾಟಿನ್ಯಾಗ ಧೂಳ ತಿನ್ಕೋತ ಬಿದ್ದದ. ನಂದು ಯಾವ ಕಂಪನಿದು ಅಂತ ಕೇಳಬ್ಯಾಡ್ರಿ, ಮುಂದ ಜರಾ ಬೈಯ್ಯೋದೂ ಅದ. ಕ್ಯಾನನ್, ನಿಕಾನ್, ಸೋನಿ ಎಲ್ರೂ ಒಂದೊಂದು 50 ಎಫ್1.8 ಮಾಡ್ತಾರ, ನಾ ಹೇಳೋದು ಬಹುತೇಕ ಎಲ್ಲಕ್ಕೂ ಹೊಂದ್ತದ.

ಈ ಲೆನ್ಸ್ ಇಷ್ಟು ಸಸ್ತಾ ಯಾಕ ಅಂದ್ರ ಇದರ ಡಿಸೈನ್ ಭಾಳ ಹಳೇದು. ಜರ್ಮನಿಯ ಜೈಸ್ ಕಂಪನಿಯ ಪಾಲ್ ರುಡಾಲ್ಫ್ 1896ರಾಗ ಪ್ಲಾನರ್ ಅಂತ ಒಂದು ಲೆನ್ಸ್ ಮಾಡಿದ್ದ, ಇವತ್ತಿನ ಸಾದಾ 50ಗಳೆಲ್ಲ ಹೆಚ್ಚುಕಮ್ಮಿ ಅದೇ ವಂಶದವು. ಕ್ಯಾನನ್ನಿನ 2015ರ ಎಸ್‌ಟಿಎಂ ಮಾಡೆಲ್ ನೋಡ್ರಿ, ಒಳಗ ಬರೇ ಆರು ಗಾಜು, ತೂಕ 160 ಗ್ರಾಂ. ಝೂಮ್ ಇಲ್ಲ, ಹೊರಗ ಚಂದ ಕಾಣೋ ಸಾಮಾನಿಲ್ಲ. ಆದ್ರ ಬಾಯಿ ದೊಡ್ಡದು. ಕಿಟ್ ಲೆನ್ಸ್ 50ಕ್ಕ ಝೂಮ್ ಮಾಡಿದ್ರ ಎಫ್5.6ರ ಆಸುಪಾಸು ನಿಂತುಬಿಡ್ತದ, ಇದು 1.8 ತನಕ ಬಾಯಿ ತಗೀತದ (ಎಫ್ ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು), ಲೆಕ್ಕ ಹಾಕಿದ್ರ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು. ಅಲ್ಲಿ ಶಟರ್ (ಬೆಳಕು ಒಳಗ ಬಿಡೋ ಹೊತ್ತು) 1/10 ಸೆಕೆಂಡ್ ಬೇಕಿತ್ತಂದ್ರ ಇಲ್ಲಿ 1/100 ಸಾಕು. 1/10ರಾಗ ಮನುಷ್ಯಾರು ನಕ್ರೂ ಫೋಟೋ ಅಲುಗಾಡ್ತದ, 1/100ರಾಗ ರೊಟ್ಟಿ ಬಡಿಯೋ ಕೈಯೊಂದು ಬಿಟ್ರ ಉಳದದ್ದೆಲ್ಲಾ ನಿಂತಿರ್ತದ. ನನಗರ ಆ ಕೈ ಜರಾ ಅಲುಗಾಡಿದ್ರನೇ ಛಲೋ ಅನಸ್ತದ, ಅದು ಬ್ಯಾರೆ ಮಾತು.

ನಮ್ಮ ಕಡಿ ಮಂದಿ ಪ್ರೀತಿ ಗೀತಿ ಬಾಯಿಬಿಟ್ಟು ಹೇಳೋರಲ್ಲ ನೋಡ್ರಿ. ನಮ್ಮಪ್ಪ ಅವ್ವಗ ಒಂದು ಛಲೋ ಮಾತು ಆಡಿದ್ದು ನಾ ಕೇಳಿಲ್ಲ, ಬರೇ ಜಗಳ, ಚಾ ಯಾಕ ತಡ ಆಯ್ತು, ಕನ್ನಡಕ ಎಲ್ಲಿಟ್ಟಿ ಅಂತ. ಆದ್ರ ಅವ್ವಗ ಮೊಣಕಾಲ ನೋವು, ರಾತ್ರಿ ಊಟ ಆದ ಮ್ಯಾಲ ಆಕಿ ಕಾಟಿನ ಮ್ಯಾಲ ಕಾಲ ಚಾಚಿ ಕುಂತಿರ್ತಾಳ, ಅಪ್ಪ ಕೆಳಗ ಚಾಪಿ ಮ್ಯಾಲ ಕುಂತು ಬಟ್ಟಲಿನ್ಯಾಗ ಬಿಸಿ ಎಣ್ಣಿ ಇಟ್ಕೊಂಡು ತಿಕ್ಕತಿರ್ತಾನ, ಕಣ್ಣು ಮಾತ್ರ ಟಿವಿ ಕಡಿ. ಸುದ್ದಿ ಓದೋರಿಗಿ ಬೈತಾನ, ಕೈ ತನ್ನ ಪಾಡಿಗಿ ತಿಕ್ಕತಾನೇ ಇರ್ತದ. ರೂಮಿನ್ಯಾಗ ಒಂದು ಜೀರೋ ಬಲ್ಬ್, ಮತ್ತ ಟಿವಿ ಬೆಳಕು, ಅದೂ ಒಮ್ಮೆ ನೀಲಿ ಒಮ್ಮೆ ಕೆಂಪ. ಕಿಟ್ ಲೆನ್ಸ್ ಇದ್ದಾಗ ಇದು ತೆಗಿಲಾಕೇ ಆಗ್ತಿದ್ದಿಲ್ಲ. ಈ ಲೆನ್ಸಿನ್ಯಾಗ ಎಫ್2, ಶಟರ್ 1/60, ಐಎಸ್ಓ (ಬೆಳಕು ಹೆಚ್ಚಿಸಿ ತೋರ್ಸೋ ಸೆಟ್ಟಿಂಗ್) 3200 ಇಟ್ಟು, ಬಾಗಿಲ ಚೌಕಟ್ಟಿಗಿ ಹೆಗಲು ಆನಿಸಿ ಉಸಿರು ಹಿಡಿದು ತೆಗದೆ. ಗ್ರೇನ್, ಅಂದ್ರ ಕಾಳು ಕಾಳು ಚುಕ್ಕಿ, ಭಾಳ ಅದ, ಮೂಲ್ಯಾಗಿನ ಗಡಿಗಿ ಏನಂತ ಗೊತ್ತಾಗಲ್ಲ. ಆದ್ರ ಅಪ್ಪನ ಹೆಬ್ಬೆರಳಿನ ಎಣ್ಣಿ ಮಿಂಚು, ಅವ್ವನ ಕಾಲ ಮ್ಯಾಲಿನ ಹಳೇ ಸುಟ್ಟ ಗಾಯದ ಕಲಿ, ಎರಡೂ ಸ್ವಚ್ಛ ಬಂದಾವ. ಪ್ರಿಂಟ್ ಹಾಕ್ಸಿ ಕೊಟ್ರ ಅಪ್ಪ "ಇದೇನು ಕಾಲಿಂದು ಫೋಟೋ ತೆಗಿತಿ, ಮಾರಿ ತೆಗಿಬೇಕು" ಅಂದ, ಅವ್ವ ಏನೂ ಅನ್ಲಿಲ್ಲ, ತನ್ನ ಟ್ರಂಕಿನ್ಯಾಗ ಸೀರಿ ಕೆಳಗ ಇಟ್ಕೊಂಡಾಳ.

ಫ್ಲಾಶ್ ಹಾಕ್ಬೋದಿತ್ತಲ್ಲ ಅಂತೀರಿ. ಹಾಕಿ ನೋಡ್ರಿ. ಒಮ್ಮೆ ಫ್ಲಾಶ್ ಬಿತ್ತಂದ್ರ ಅವ್ವ ಸೆರಗು ಸರಿ ಮಾಡ್ಕೊಂಡು ಪಾಸ್‌ಪೋರ್ಟ್ ಫೋಟೋಕ್ಕ ಕುಂತಂಗ ಕೂಡ್ತಾಳ, ಅಪ್ಪ ಎಣ್ಣಿ ಬಟ್ಟಲ ಸರಿಸಿ ಎದ್ದೇ ಹೋಗ್ತಾನ. ಮುಗೀತು ಅಲ್ಲಿಗಿ. ಅದಕ್ಕ ನಾ ಹೇಳೋದು ಈ ಲೆನ್ಸಿನ ದೊಡ್ಡ ಗುಣ ಹಿಂದ ಮಸಕ ಆಗೋದಲ್ಲ. ಯೂಟ್ಯೂಬಿನ್ಯಾಗ ಎಲ್ರೂ ಬೊಕೆ ಬೊಕೆ ಅಂತ ಬಡ್ಕೋತಾರ, ಇದರ ಖರೇ ಗುಣ ಅಂದ್ರ ಮನ್ಯಾಗ ಇದ್ದ ಬೆಳಕಿನ್ಯಾಗೇ ಕೆಲಸ ಮಾಡ್ತದ, ಯಾರೂ ತಮ್ಮ ಕೆಲಸ ಬಿಟ್ಟು ನಿಮ್ಮ ಕಡಿ ನೋಡಬೇಕಾಗಿಲ್ಲ. ಒಂದು ಸೆಟ್ಟಿಂಗ್ ಮಾತ್ರ ನೆನಪಿಡ್ರಿ, ಕೆಲವು ಸಣ್ಣ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಾಗ ಕತ್ತಲಿದ್ರ ಫೋಕಸ್ ಸಲುವಾಗಿ ಫ್ಲಾಶ್ ತಾನೇ ಎದ್ದು ಪಟಪಟ ಹೊಡೀತದ, ಅದು ಬಂದ್ ಮಾಡ್ರಿ, ಇಲ್ಲಂದ್ರ ಲೆನ್ಸ್ ತಗೊಂಡೂ ಪ್ರಯೋಜನ ಇಲ್ಲ.

ನಮ್ಮ ತಮ್ಮ ಅಂತಾನ, ಅಣ್ಣಾ ಈಗ ಫೋನಿನ್ಯಾಗ ನೈಟ್ ಮೋಡ್ ಅದಲ್ಲ, ಇದ್ಯಾಕ ಹೊರ್ತಿ ಅಂತ. ಬರೋಬರಿ ಪ್ರಶ್ನಿನೇ. ನಮ್ಮ ಕಲಬುರಗಿ ಶರಣಬಸವೇಶ್ವರ ಗುಡಿ ದೀಪ, ಬುದ್ಧ ವಿಹಾರದ ರಾತ್ರಿ ಲೈಟು, ಕೋಟಿ ಗ್ವಾಡಿ, ಇವಕ್ಕ ಫೋನೇ ಛಲೋ, ನಾನೂ ಫೋನಿನ್ಯಾಗೇ ತೆಗಿತೀನಿ. ಯಾಕಂದ್ರ ಅವು ಅಲುಗಾಡಂಗಿಲ್ಲ. ನೈಟ್ ಮೋಡ್ ಅಂದ್ರ ಫೋನು ಒಂದರ ಹಿಂದ ಒಂದು ಭಾಳ ಫ್ರೇಮ್ ತಗೊಂಡು ಕೂಡಿಸ್ತದ, ಆ ಹೊತ್ತಿನ್ಯಾಗ ಮಗಳು ಆಕಳಿಸಿದ್ಳು ಅಂದ್ರ ಮಾರಿ ಬಣ್ಣ ಬಳದಂಗ ಆಗ್ತದ. ಮತ್ತ ಫೋನಿಗಿ ಕತ್ತಲು ಕಂಡ್ರ ಆಗಂಗಿಲ್ಲ, ಎಲ್ಲಾ ಬೆಳ್ಳಗ ಮಾಡಿ ಕೊಡ್ತದ, ರಾತ್ರಿ ಹತ್ತು ಗಂಟಿ ಅನ್ನೋದೇ ಖೂನ ಸಿಗಲ್ಲ. ಇದ್ರಾಗ ಒಂದೇ ಫ್ರೇಮು, ಬಂದ್ರ ಬಂತು ಇಲ್ಲಂದ್ರ ಇಲ್ಲ, ಆದ್ರ ಬಂದದ್ದು ಖರೇ ಆ ಹೊತ್ತಿಂದು.

ಈಗ ತ್ರಾಸಿನ ಮಾತು. ಎಫ್1.8 ಅದ ಅಂತ ಯಾವಾಗೂ 1.8ರಾಗ ತೆಗಿಬ್ಯಾಡ್ರಿ. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾದಾಗ ಒಂದು ಮೀಟರ್ ದೂರಕ್ಕ ಫೋಕಸ್ ನಿಲ್ಲೋ ಜಾಗ ಮೂರು ಸೆಂಟಿಮೀಟರಿಗಿಂತ ಕಮ್ಮಿ, ಮೂಗಿನ ತುದಿಗಿ ಫೋಕಸ್ ಆಯ್ತಂದ್ರ ಕಣ್ಣು ಮಸಕ. ಇಬ್ರು ಇದ್ರ ಅಂತೂ ಒಬ್ರು ಹೋದಂಗೇ. ನಾ ಒಬ್ರು ಇದ್ರ 2 ಅಥವಾ 2.2, ಇಬ್ರಿದ್ರ 2.8 ಇಟ್ಟು, ನಡುವಿನ ಒಂದೇ ಫೋಕಸ್ ಪಾಯಿಂಟ್ ಕಣ್ಣಿಗಿ ಇಡ್ತೀನಿ. ಪೂರಾ ಕತ್ತಲ್ಯಾಗ ಲೆನ್ಸ್ ಹಿಂದ ಮುಂದ ಗುರ್ ಗುರ್ ಅಂತ ಹುಡುಕ್ತದ, ಆವಾಗ ಮಾರಿ ಬಿಟ್ಟು ಬೆಳಕು-ನೆರಳು ಕೂಡೋ ಅಂಚಿಗಿ ಹಿಡೀರಿ, ಬಳಿ ಅಂಚು, ಅಂಗಿ ಕಾಲರ್, ಸೀರಿ ದಡಿ, ತಟ್ಟನ ಹಿಡೀತದ.

ಎರಡನೇದು, ರೂಮ್ ಸಣ್ಣದಿದ್ರ ಈ ಲೆನ್ಸ್ ನಿಮಗ ಗ್ವಾಡಿಗಿ ಹಚ್ಚಿ ನಿಲ್ಲಸ್ತದ. ಕ್ರಾಪ್ ಬಾಡಿ ಮ್ಯಾಲ 50 ಅಂದ್ರ ಫುಲ್ ಫ್ರೇಮಿನ (ದೊಡ್ಡ ಸೆನ್ಸರಿನ) 75-80 ಇದ್ದಂಗ, ನೋಟ ಇಕ್ಕಟ್ಟು. ಹತ್ತು ಅಡಿ ಹಿಂದ ಸರದ್ರೂ ಅಗಲಕ್ಕ ನಾಲ್ಕೂವರಿ ಅಡಿನೇ ಸಿಗ್ತದ, ಇಬ್ರು ಕುಂತೋರು ಮುಗೀತು, ಮೂರನೇದವರ ಅರ್ಧ ಮಾರಿ. ಎಳ್ಳ ಅಮಾಸಿ ಹಿಂದಿನ ರಾತ್ರಿ ನಮ್ಮನ್ಯಾಗ ಅವ್ವ, ಚಿಗವ್ವ, ನಮ್ಮ ಮನಿಯಾಕಿ ಎಲ್ರೂ ಸಜ್ಜಿ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗಿ ಅಂತ ಒಲಿ ಮುಂದ ಕುಂತಿರ್ತಾರ, ಹೊಗಿ, ಉಗಿ, ಒಂದು ಹಳದಿ ಬಲ್ಬ್, ನೋಡ್ಲಾಕ ಎರಡು ಕಣ್ಣು ಸಾಲಂಗಿಲ್ಲ, ಆದ್ರ ಪೂರಾ ಅಡಗಿಮನಿ ಒಂದು ಫ್ರೇಮಿನ್ಯಾಗ ಬರಂಗಿಲ್ಲ. ನಾ ಹಂಗಾಗಿ ಕೈಗಳೇ ತೆಗದೀನಿ. ಹಿಟ್ಟು ನಾದೋ ಕೈ, ಬಜ್ಜಿ ಕಾಯಿಪಲ್ಲೆ ಸೋಸೋ ಕೈ, ಚಿಗವ್ವನ ಹಸುರು ಬಳಿ ಮ್ಯಾಲ ಸಜ್ಜಿ ಹಿಟ್ಟು. ನಿಮಗ ಎಲ್ರೂ ಒಟ್ಟಿಗಿ ಬೇಕಂದ್ರ 50 ಬ್ಯಾಡ್ರಿ, ನಿಕಾನ್ ಕ್ರಾಪ್ ಬಾಡಿ ಇದ್ದೋರಿಗಿ 35 ಎಫ್1.8 ಅದ, ಅದೇ ತಗೋರಿ, ಕ್ಯಾನನ್ನಿನವರಿಗಿ 24 ಎಫ್2.8 ಅದ, ಆದ್ರ ಅದ್ರಾಗ ಬೆಳಕು ಅರ್ಧಕ್ಕಿಂತ ಕಮ್ಮಿ.

ಬೆಳಕಿನ ವಿಷಯ ಬಂತಂದ್ರ ನಮ್ಮ ಊರ ಮನಿಗಳ ಒಂದು ಮಾತು ಹೇಳಲೇಬೇಕು. ಕೆಳಗ ಶಹಾಬಾದ ಫರಸಿ, ಕರ್ರಗ, ಬೆಳಕೆಲ್ಲಾ ಅದೇ ನುಂಗ್ತದ. ಬಿಳೀ ಸುಣ್ಣದ ಗ್ವಾಡಿ ಹತ್ರ ಹುಡುಗರಿಗಿ ಕುಂಡರಿಸಿದ್ರ ಅದೇ ಬಲ್ಬಿನ್ಯಾಗ ಮಾರಿ ಇನ್ನಷ್ಟು ಬೆಳಗ್ತದ, ಒಂದು ರೂಪಾಯಿ ಖರ್ಚಿಲ್ಲ. ಅಡಗಿಮನ್ಯಾಗ ಹಳದಿ ಬಲ್ಬ್, ಪಡಸಾಲ್ಯಾಗ ಬಿಳೀ ಟ್ಯೂಬ್, ನಡುವ ಬಾಗಿಲದಾಗ ನಿಂತವರ ಅರ್ಧ ಮಾರಿ ಅರಿಶಿಣ ಅರ್ಧ ಮಾರಿ ನೀಲಿ, ಯಾವ ವೈಟ್ ಬ್ಯಾಲೆನ್ಸೂ (ಬೆಳಕಿನ ಬಣ್ಣ ತಿದ್ದೋ ಸೆಟ್ಟಿಂಗ್) ಇದನ್ನ ಸರಿ ಮಾಡಲ್ಲ, ಒಂದು ಲೈಟ್ ಬಂದ್ ಮಾಡ್ರಿ ಇಲ್ಲ ಬ್ಲಾಕ್ ಅಂಡ್ ವೈಟ್ ಮಾಡ್ರಿ. ಅಪ್ಪ ಬಿಳೀ ಧೋತ್ರ ಬಿಳೀ ಅಂಗಿ ಹಾಕ್ಕೊಂಡು ಫ್ರೇಮ್ ತುಂಬಾ ಕುಂತ್ರ ಕ್ಯಾಮೆರಾ ಬೆಳಕು ಭಾಳ ಅದ ಅಂತ ತಿಳ್ಕೊಂಡು ಮಾರಿ ಕರ್ರಗ ಮಾಡ್ತದ, ಎಕ್ಸ್‌ಪೋಷರ್ ಜರಾ ಪ್ಲಸ್ ಮಾಡ್ಬೇಕು.

ಆಮ್ಯಾಲ ಸಸ್ತಾ ಎಲ್‌ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಇಂಥ ಲೈಟ್ ಸೆಕೆಂಡಿಗಿ 100 ಸಲ ಮಿಣುಕ್ತಾವ, ಕಣ್ಣಿಗಿ ಕಾಣಲ್ಲ, ಕ್ಯಾಮೆರಾಕ್ಕ ಕಾಣ್ತದ. ಅಪ್ಪನ ಜಾತ್ರಿಗಿ ಹೋದಾಗ, ಅಪ್ಪ ಅಂದ್ರ ನಮ್ಮಪ್ಪ ಅಲ್ರಿ, ಶರಣಬಸವಪ್ಪನ ಜಾತ್ರಿ, ಬಳಿ ಅಂಗಡಿ ಮುಂದ ಮಗಳಿಗಿ ಬಳಿ ತೊಡಸೋದು ತೆಗಿಲಕತ್ತಿದ್ದೆ. ಶಟರ್ ಜೋರು ಇದ್ರ ಫೋಟೋದಾಗ ಪಟ್ಟಿ ಪಟ್ಟಿ ಗೆರಿ, ಒಂದು ಫ್ರೇಮ್ ಬೆಳ್ಳಗ ಮುಂದಿಂದು ಕರ್ರಗ. 1/100ಕ್ಕ ಇಳಿಸಿದೆ, ಎಲ್ಲಾ ಸರಿ ಹೋಯ್ತು. 1/50ನೂ ನಡೀತದ, ಕೈ ಗಟ್ಟಿ ಇರಬೇಕು ಅಷ್ಟೇ, ಈ ಸಸ್ತಾ 50ಗಳಾಗ ಸ್ಟೆಬಿಲೈಸರ್ ಇರಂಗಿಲ್ಲ. ಅಲ್ಲಿ ಬಳಿಗಾರ ಅಜ್ಜಿ ಮಗಳ ಕೈ ಹಿಸುಕಿ ಸಣ್ಣ ಮಾಡಿ ಬಳಿ ಏರಿಸೋದು, ಈಕಿ ಹಲ್ಲು ಕಚ್ಚಿ ನಮ್ಮ ಮನಿಯಾಕಿ ಸೆರಗು ಹಿಡ್ಕೊಂಡಿದ್ದು, ಆ ಫೋಟೋ ಈಗ ನನ್ನ ಫೋನಿನ ವಾಲ್‌ಪೇಪರ್.

ಬಾಳಿಕಿ ಹೆಂಗದ ಅಂದ್ರ, ಗಾಜಿನ ವಿಷಯದಾಗ ಏನೂ ತಕರಾರಿಲ್ಲ. ನಮ್ಮ ಕಡಿ ಒಣ ಹವಾ, ಕರಾವಳಿ ಮಂದಿ ಅಳೋ ಫಂಗಸ್ (ಗಾಜಿಗಿ ಹತ್ತೋ ಬೂಷ್ಟು) ನನಗ ಇನ್ನೂ ಬಂದಿಲ್ಲ, ಆದ್ರೂ ಮಳಿಗಾಲದಾಗ ಡಬ್ಬ್ಯಾಗ ಸಿಲಿಕಾ ಜೆಲ್ ಇಡ್ತೀನಿ. ನಮಗ ಕಾಟ ಧೂಳಿಂದು. ಬ್ಯಾಸಗಿ ಗಾಳಿ ಬಿಟ್ಟಾಗ ಹೊಲದಾಗ ಲೆನ್ಸ್ ಬಿಚ್ಚಿ ಬದಲ ಮಾಡಿದ್ರೋ, ಸೆನ್ಸರ್ ಮ್ಯಾಲ ಚುಕ್ಕಿ ಗ್ಯಾರಂಟಿ. ಮೇ ತಿಂಗಳ ಬಿಸಲಾಗ ಗಾಡಿ ಡಿಕ್ಕಿನ್ಯಾಗ ಬಿಟ್ಟು ಹೋಗಲೂಬ್ಯಾಡ್ರಿ, ಇಲ್ಲಿ 43-44 ಡಿಗ್ರಿ ಹೊರಗ, ಒಳಗ ಏಟಾಗ್ತದೋ. ಫೋಕಸ್ ಮೋಟಾರು ಮಾತ್ರ ನಾಜೂಕು, ಮಗಳು ಕಾಟಿನ ಮ್ಯಾಲಿಂದ ಕೆಡವಿದ್ದೇ ನೆಪ, ಮ್ಯಾನುವಲ್‌ಗೂ ತಿರುಗಲಿಲ್ಲ. ರಿಪೇರಿಗಿ ಬ್ಯಾರೆ ಊರಿಗಿ ಕಳಿಸಿದ್ರ ಅವರು ಭಾಳ ದಿನ ಇಟ್ಕೊಂಡು, ಹೊಸದರ ಹತ್ರ ಹತ್ರ ಎಸ್ಟಿಮೇಟ್ ಕೊಟ್ಟು, ಮ್ಯಾಲಿಂದ ನೋಡಿದ್ದಕ್ಕೂ ರೊಕ್ಕ ಹಿಡಿದ್ರು. ಕೊನೀಗಿ ಇಲ್ಲೇ ಒಬ್ಬ ಹಳೇ ಕ್ಯಾಮೆರಾ ಮೆಕ್ಯಾನಿಕ್ ಕಾಕಾ ಬಿಚ್ಚಿ, ಹಲ್ಲು ಕೂಡಿಸಿ ಕೊಟ್ರು, ಚಾ ಕುಡದು ಎರಡುನೂರು ತಗೊಂಡ್ರು. ಈಗ ಆಟೋಫೋಕಸ್ ಜರಾ ಸಪ್ಪಳ ಮಾಡ್ತದ, ಮಲಗಿದ ಕೂಸಿನ ಹತ್ರ ಹೋದಾಗ ಕೇಳಸ್ತದ, ಉಳದಂಗ ಸರಿ ಅದ.

ಪ್ರಿಂಟ್ ಹಾಕ್ಸೋರಿಗಿ ಒಂದು ಮಾತು, ಕಮ್ಮಿ ಬೆಳಕಿನ ಫೋಟೋ ಮೊಬೈಲಿನ್ಯಾಗ ಛಲೋ ಕಂಡಿದ್ದು ಕಾಗದದ ಮ್ಯಾಲ ಕರ್ರಗ ಬರ್ತದ, ಸ್ಕ್ರೀನ್ ತಾನೇ ಬೆಳಗ್ತದಲ್ಲ. ಜರಾ ಬ್ರೈಟ್ ಮಾಡಿ ಕೊಡ್ರಿ, ಸ್ಟುಡಿಯೋದವರಿಗಿ ಆಟೋ ಕರೆಕ್ಷನ್ ಬ್ಯಾಡ ಅಂತ ಗಟ್ಟಿ ಹೇಳ್ರಿ, ಇಲ್ಲಂದ್ರ ನಿಮ್ಮ ಹಳದಿ ಬಲ್ಬಿನ ಅಡಗಿಮನಿ ಬ್ಯಾಂಕಿನಂಗ ಬೆಳ್ಳಗಾಗಿ ಬರ್ತದ. ಗ್ರೇನಿಗಿ ಅಂಜಬ್ಯಾಡ್ರಿ, 4x6 ಪ್ರಿಂಟಿನ್ಯಾಗ ಐಎಸ್ಓ 3200 ಯಾರಿಗೂ ಕಾಣಂಗಿಲ್ಲ.

ಐದಕ್ಕ ನಾಲ್ಕು ಕೊಡ್ತೀನಿ, ಒಂದು ಕಟ್ ಮಾಡಿದ್ದು ಸಣ್ಣ ರೂಮಿಗೂ ಆ ಮೋಟಾರಿಗೂ ಕೂಡಿಸಿ. ಹೊಸ ಮಿರರ್‌ಲೆಸ್ ಬಾಡಿ ತಗೋಬೇಕು ಅಂತ ರೊಕ್ಕ ಕೂಡಿಸ್ಲಕತ್ತೋರು ಮದಲು ಇದೊಂದು ತಗೊಂಡು ಹಳೇ ಬಾಡಿಗೇ ಹಚ್ಚಿ ನೋಡ್ರಿ. ಸೆಕೆಂಡ್ ಹ್ಯಾಂಡ್ ಸಿಕ್ರೂ ನಡೀತದ, ಆದ್ರ ಅಂಗಡ್ಯಾಗೇ ಮೊಬೈಲ್ ಟಾರ್ಚ್ ಹಿಂದಿಂದ ಹಾಕಿ ಗಾಜಿನ್ಯಾಗ ಜೇಡರ ಬಲಿ ಥರ ಏನರ ಕಾಣ್ತದೇನು ನೋಡ್ರಿ, ನಿಮ್ಮ ಬಾಡಿಗಿ ಹಚ್ಚಿ ಹತ್ರದ್ದು ದೂರದ್ದು ಎರಡೂ ಫೋಕಸ್ ಮಾಡ್ರಿ, 1.8ರಾಗ ಒಂದು ಎಫ್8ರಾಗ ಒಂದು ತೆಗದು ನೋಡ್ರಿ. ನೋಡ್ಲಾಕ ಕೊಡಂಗಿಲ್ಲ ಅಂದ್ರ ಆ ಅಂಗಡಿ ಬಿಟ್ಟು ಬರ್ರಿ, ಈ ಲೆನ್ಸ್ ಎಲ್ಲಾ ಕಡಿ ಸಿಗ್ತದ.