ಮೇಜಿನ ಕೆಳಗೆ ಎಚ್‌ಸಿ-ಎಸ್‌ಆರ್501: ಆಫೀಸಿನ ಲೆಕ್ಕಕ್ಕೆ ಸಾಕೇ?

ಯಾವ ಮೇಜು ದಿನವಿಡೀ ಖಾಲಿ ಬೀಳುತ್ತದೆ ಎಂದು ತಿಳಿಯಲು ಎಚ್‌ಸಿ-ಎಸ್‌ಆರ್501 ಎಂಬ ಈ ಅಗ್ಗದ ಪಿಐಆರ್ ಮಾಡ್ಯೂಲ್ (ದೇಹದ ಶಾಖದಿಂದ ಚಲನೆ ಗುರುತಿಸುವ ಪುಟ್ಟ ಸೆನ್ಸರ್) ಸಾಕು, ಸರಿಯಾಗಿ ಕೂರಿಸಿದರೆ. 5 ವೋಲ್ಟ್ ಕೊಡಿ. ಆನ್ ಆದ ಮೊದಲ 1 ನಿಮಿಷ ಸುಳ್ಳು ಸಿಗ್ನಲ್ ಬರಬಹುದು. ಆ ಡೇಟಾ ಕೈಬಿಡಿ.

ಇದರ ಕಣ್ಣು ಸುಮಾರು 7 ಮೀಟರ್‌ವರೆಗೆ ಓಡುತ್ತದೆ. ಮೇಜಿಗೆ ಅದು ವಿಪರೀತ: ಪಕ್ಕದಲ್ಲಿ ಕಾಫಿ ಹಿಡಿದು ಹೋದವರೂ ಲೆಕ್ಕಕ್ಕೆ ಸೇರುತ್ತಾರೆ. ಸೆನ್ಸಿಟಿವಿಟಿ ತಿರುಪನ್ನು ಕನಿಷ್ಠಕ್ಕೆ ಇಳಿಸಿ. ಬಿಳಿ ಲೆನ್ಸಿನ ಸುತ್ತ ಕಪ್ಪು ಟೇಪು ಅಂಟಿಸಿ, ಕುಳಿತವರ ತೊಡೆಯತ್ತ ಮಾತ್ರ ಸಣ್ಣ ಕಿಂಡಿ ಉಳಿಸಿ. ಎಸಿ ಗಾಳಿ ನೇರ ಬಡಿಯುವ ಜಾಗವಂತೂ ಬೇಡವೇ ಬೇಡ.

ದೊಡ್ಡ ಕೊರತೆ ಒಂದಿದೆ. ಇದು ಕಾಣುವುದು ಶಾಖದ ಬದಲಾವಣೆಯನ್ನಷ್ಟೇ. ಅಲುಗಾಡದೆ ಓದುತ್ತ ಕುಳಿತವರು ಇದರ ಪಾಲಿಗೆ ಇಲ್ಲ. ಹಾಗಾಗಿ 10–15 ನಿಮಿಷ ಚಲನೆಯೇ ಇಲ್ಲದಿದ್ದರೆ ಮಾತ್ರ ಸಾಫ್ಟ್‌ವೇರ್‌ನಲ್ಲಿ 'ಖಾಲಿ' ಎಂದು ಬರೆಸಿ.

ಮೀಟಿಂಗ್ ರೂಮಿಗೆ ಕೊಳ್ಳಬೇಡಿ. ಒಬ್ಬರಿದ್ದರೂ ಹತ್ತು ಜನರಿದ್ದರೂ ಒಂದೇ ಉತ್ತರ. ಇದರ ಬದಲು ರೇಡಿಯೋ ಅಲೆ ಬಳಸುವ 24 ಗಿಗಾಹರ್ಟ್ಸ್ ರಡಾರ್ ಮಾಡ್ಯೂಲ್ ಹಾಕಿದರೆ ಅದು ಸುಮ್ಮನೆ ಕುಳಿತವರನ್ನೂ ಹಿಡಿಯುತ್ತದೆ, ಆದರೆ ತೆಳು ಜಿಪ್ಸಮ್ ಗೋಡೆಯಾಚೆಯವರನ್ನೂ ಹಿಡಿದೀತು. ಯಾವುದೇ ಹಾಕಿ, ಅಲ್ಲಿ ಕೂರುವವರಿಗೆ ಮೊದಲೇ ತಿಳಿಸಿ.